ವೈವೇರಿಯಂನ ಫೋಮ್ ಹಿನ್ನೆಲೆ: ತಯಾರಿಕೆ ಮತ್ತು ರಕ್ಷಾಲೇಪ

ಕಪ್ಪೆ, ಹಲ್ಲಿ, ಹಾವು ಮೊದಲಾದ ಪ್ರಾಣಿಗಳನ್ನು ಇಲ್ಲವೇ ತೇವ ಬಯಸುವ ಸಸ್ಯಗಳನ್ನು ಇರಿಸುವ ಗಾಜಿನ ಪೆಟ್ಟಿಗೆಯ ಹಿಂಬದಿ ಮತ್ತು ಪಕ್ಕದ ಗೋಡೆಗಳಿಗೆ, ಗಾಳಿಗುಳ್ಳೆ ತುಂಬಿದ ಹಗುರ ಪ್ಲಾಸ್ಟಿಕ್ಕಿನಿಂದ ಬಂಡೆ, ಮಣ್ಣಿನ ದಂಡೆ ಅಥವಾ ಮರದ ಕಾಂಡದ ಆಕಾರ ಕೊಟ್ಟು, ಅದರ ಮೇಲೆ ನೀರನ್ನೂ ಉಗುರನ್ನೂ ತಡೆಯುವ ಪದರವೊಂದನ್ನು ಹೊದಿಸಿ ಕೂರಿಸುವ ಉಬ್ಬು ರಚನೆಯೇ ವೈವೇರಿಯಂನ ಫೋಮ್ ಹಿನ್ನೆಲೆ. ಜೀವಿಗಳನ್ನು ಅವುಗಳ ಸಹಜ ನೆಲೆಯನ್ನು ಹೋಲುವ ಪರಿಸರದಲ್ಲಿ ಇರಿಸುವ ಆವರಣಗಳಿಗೆಲ್ಲ ವೈವೇರಿಯಂ ಎಂಬ ಹೆಸರು ಸಲ್ಲುತ್ತದೆ; ಇವುಗಳಲ್ಲಿ ನೆಲದ ಜೀವಿಗಳದ್ದು ಟೆರೇರಿಯಂ, ನೆಲ ಮತ್ತು ನೀರು ಎರಡೂ ಇರುವುದು ಪ್ಯಾಲುಡೇರಿಯಂ, ಪೂರ್ತಿ ನೀರಿನದು ಅಕ್ವೇರಿಯಂ. ಈ ಲೇಖನದಲ್ಲಿ ಫೋಮ್‌ನ ಮೇಲ್ಮೈಯನ್ನು ಪೂರ್ತಿಯಾಗಿ ಮುಚ್ಚುವ ಪದರವನ್ನು ರಕ್ಷಾಲೇಪ ಎಂದೂ, ಹಿನ್ನೆಲೆಯ ಅಂಚು ಗಾಜನ್ನು ಕೂಡುವೆಡೆ ಸಂದು ಉಳಿಯದಂತೆ ಮುಚ್ಚುವ ಕಟ್ಟನ್ನು ಅಂಚುಗಟ್ಟು ಎಂದೂ ಕರೆಯಲಾಗಿದೆ. ಫೋಮ್ ಕೊಡುವುದು ಆಕಾರವನ್ನು ಮಾತ್ರ; ಹಿನ್ನೆಲೆಯ ಬಾಳಿಕೆಯೂ ಅದರೊಡನೆ ಬದುಕುವ ಪ್ರಾಣಿಯ ಸುರಕ್ಷತೆಯೂ ಬಹುಮಟ್ಟಿಗೆ ಈ ಎರಡರ ಮೇಲೆ ನಿಂತಿವೆ.

ಉಗಮ

ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಪತಂಗದ ಕೋಶವೊಂದನ್ನು ಮುಚ್ಚಿದ ಸೀಸೆಯಲ್ಲಿ ಇರಿಸಿದ್ದಾಗ ಅದರೊಳಗಿನ ಮಣ್ಣಿನಲ್ಲಿ ಜರೀಗಿಡ ತಾನಾಗಿ ಮೊಳೆತದ್ದನ್ನು 1829ರಲ್ಲಿ ಗಮನಿಸಿದನು. ಅದರಿಂದ ರೂಪುಗೊಂಡ ವಾರ್ಡಿಯನ್ ಪೆಟ್ಟಿಗೆ ಇಂದಿನ ಗಾಜಿನ ಟೆರೇರಿಯಂಗೆ ಮೂಲಮಾದರಿಯಾಯಿತು. ಲಂಡನ್ ಮೃಗಾಲಯ 1849ರಲ್ಲಿ ಸರೀಸೃಪಗಳಿಗೂ 1853ರಲ್ಲಿ ಮೀನುಗಳಿಗೂ ಪ್ರತ್ಯೇಕ ಮನೆಗಳನ್ನು ತೆರೆದ ಮೇಲೆ ಇಂಥ ಆವರಣಗಳು ಸಾರ್ವಜನಿಕರಿಗೆ ಪರಿಚಿತವಾದವು. ಕೃತಕ ಬಂಡೆಯನ್ನು ಪ್ರಾಣಿಯ ಹಿಂದೆ ನಿಲ್ಲಿಸುವ ಕಲ್ಪನೆಗೆ ದೊಡ್ಡ ಪ್ರಮಾಣದಲ್ಲಿ ರೂಪ ದೊರೆತದ್ದು 1907ರಲ್ಲಿ ಹ್ಯಾಂಬರ್ಗ್ ಬಳಿಯ ಸ್ಟೆಲ್ಲಿಂಗನ್‌ನಲ್ಲಿ ಕಾರ್ಲ್ ಹಾಗನ್‌ಬೆಕ್ ತೆರೆದ ಪ್ರಾಣಿ ಉದ್ಯಾನದಲ್ಲಿ. ಅಲ್ಲಿನ ಬೆಟ್ಟಗಳನ್ನು ಸ್ವಿಸ್ ಶಿಲ್ಪಿ ಉರ್ಸ್ ಎಗ್ಗೆನ್‌ಶ್ವಿಲರ್ ಸಿಮೆಂಟಿನಿಂದ ಕಟ್ಟಿದ್ದನು.

ಮನೆಯ ಗಾಜಿನ ಪೆಟ್ಟಿಗೆ ಅಷ್ಟು ಭಾರವನ್ನು ತಾಳುವುದಿಲ್ಲ. ಆದ್ದರಿಂದ ಬಹುಕಾಲ ಕಾರ್ಕ್ ಮರದ ತೊಗಟೆ, ಒತ್ತಿದ ಪೀಟ್ ಹಲಗೆ ಮತ್ತು ಮರಜರೀಗಿಡದ ಕಾಂಡದಿಂದ ಕೊಯ್ದ ನಾರಿನ ಹಲಗೆಗಳೇ ಹಿನ್ನೆಲೆಗಳಾಗಿದ್ದವು. ಇವುಗಳಲ್ಲಿ ಕೊನೆಯದರ ಮುಖ್ಯ ಮೂಲವಾಗಿದ್ದ ಬ್ರೆಜಿಲ್‌ನ ಡಿಕ್ಸೋನಿಯಾ ಸೆಲ್ಲೋವಿಯಾನ ಮರಜರೀಗಿಡ ಅತಿಕಟಾವಿನಿಂದ ಕುಗ್ಗಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. ಅಷ್ಟರಲ್ಲಿ ಬೇರೆ ಉದ್ದೇಶಗಳಿಗಾಗಿ ಹುಟ್ಟಿದ್ದ ಫೋಮ್‌ಗಳು ಕೈಗೆಟುಕುವ ಬೆಲೆಗೆ ಬಂದಿದ್ದವು. ಪಾಲಿಯುರೆಥೇನ್ ರಸಾಯನವನ್ನು 1937ರಲ್ಲಿ ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಸಂಗಡಿಗರು ಕಂಡುಹಿಡಿದರು. ಅಚ್ಚುತಳ್ಳಿದ ಪಾಲಿಸ್ಟೈರೀನನ್ನು 1940ರ ದಶಕದಲ್ಲಿ ಅಮೆರಿಕದ ಡೌ ಕಂಪನಿಯೂ, ಮಣಿಗಳಾಗಿ ಹಿಗ್ಗುವ ಪಾಲಿಸ್ಟೈರೀನನ್ನು 1950ರ ದಶಕದ ಆರಂಭದಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿಯೂ ಮಾರುಕಟ್ಟೆಗೆ ತಂದವು. ಮಧ್ಯ ಮತ್ತು ದಕ್ಷಿಣ ಅಮೆರಿಕದ ವಿಷಬಾಣ ಕಪ್ಪೆಗಳನ್ನು ನೆದರ್ಲೆಂಡ್ಸ್, ಜರ್ಮನಿ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನದ ಹವ್ಯಾಸಿಗಳು ಸಾಕತೊಡಗಿ, ಸಸ್ಯಗಳು ಗೋಡೆಯ ಮೇಲೆಯೇ ಬೇರೂರುವ ಪೆಟ್ಟಿಗೆಗಳನ್ನು ರೂಪಿಸುತ್ತ ಹೋದಂತೆ, ಕಟ್ಟಡದ ಉಷ್ಣನಿರೋಧಕವಾಗಿದ್ದ ಫೋಮ್ ವೈವೇರಿಯಂನೊಳಗೆ ನೆಲೆ ಕಂಡಿತು.

ಫೋಮ್‌ನ ಬಗೆಗಳು

ಬಳಕೆಯಲ್ಲಿರುವ ಫೋಮ್‌ಗಳು ಮುಖ್ಯವಾಗಿ ಮೂರು. ಮೊದಲನೆಯದು ಭಾರತದಲ್ಲಿ ಥರ್ಮಾಕೋಲ್ ಎಂದೇ ಎಲ್ಲರೂ ಬಲ್ಲ ಹಿಗ್ಗಿಸಿದ ಪಾಲಿಸ್ಟೈರೀನ್. ಪೆಂಟೇನ್ ಸೇರಿಸಿದ ಸಣ್ಣ ಮಣಿಗಳನ್ನು ಹಬೆಯಲ್ಲಿ ಉಬ್ಬಿಸಿ, ಅಚ್ಚಿನಲ್ಲಿ ಒಂದಕ್ಕೊಂದು ಬೆಸೆದು ಇದನ್ನು ತಯಾರಿಸುತ್ತಾರೆ. ಇದರ ಗಾತ್ರದ ಶೇ. 98ರಷ್ಟು ಗಾಳಿಯೇ ಇರುತ್ತದೆ. ಕೊಯ್ದಾಗ ಮಣಿಗಳು ಉದುರುವುದು ಮತ್ತು ಮಣಿಗಳ ನಡುವಿನ ಸಂದಿನಲ್ಲಿ ನೀರು ನಿಧಾನವಾಗಿ ಹಿಂಗುವುದು ಇದರ ಕೊರತೆಗಳು. ಎರಡನೆಯದಾದ ಅಚ್ಚುತಳ್ಳಿದ ಪಾಲಿಸ್ಟೈರೀನ್ ಒಂದೇ ಮುದ್ದೆಯಾಗಿ ಯಂತ್ರದ ಬಾಯಿಂದ ಹಲಗೆಯಾಗಿ ಹೊರಬರುವುದರಿಂದ ಅದರ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುತ್ತವೆ. ಅದು ಹೆಚ್ಚು ಗಟ್ಟಿ, ಸೂಕ್ಷ್ಮ ಕೆತ್ತನೆಗೂ ಒದಗುತ್ತದೆ, ನೀರನ್ನು ತೀರ ಕಡಿಮೆ ಹೀರುತ್ತದೆ.

ಮೂರನೆಯದು ಒತ್ತಡದ ಡಬ್ಬಿಯಿಂದ ಚಿಮ್ಮಿ ಉಬ್ಬುವ ಪಾಲಿಯುರೆಥೇನ್. ಬಾಗಿಲು ಕಿಟಕಿಗಳ ಚೌಕಟ್ಟಿನ ಸಂದು ತುಂಬಲು ಬಳಸುವ ಇದನ್ನು ಅಂಗಡಿಗಳಲ್ಲಿ ಪಿಯು ಫೋಮ್ ಎನ್ನುತ್ತಾರೆ. ಡಬ್ಬಿಯೊಳಗಿನ ಐಸೋಸಯನೇಟ್‌ಯುಕ್ತ ದ್ರವ ಹೊರಬಂದೊಡನೆ ಗಾಳಿಯ ತೇವದೊಡನೆ ಕೂಡಿ ಗಟ್ಟಿಯಾಗತೊಡಗುತ್ತದೆ. ಅಂದರೆ ಅದು ಒಣಗಿ ಗಟ್ಟಿಯಾಗುವ ವಸ್ತುವಲ್ಲ, ತೇವ ಸಿಕ್ಕಿದಷ್ಟೂ ಚೆನ್ನಾಗಿ ಗಟ್ಟಿಯಾಗುವ ವಸ್ತು. ಒಂದೇ ಬಾರಿಗೆ ದಪ್ಪವಾಗಿ ಸುರಿದರೆ ಹೊರಮೈ ಬೇಗ ಬಿಗಿದು, ಒಳಗಿನ ಭಾಗಕ್ಕೆ ತೇವ ತಲಪದೆ ದಿನಗಟ್ಟಲೆ ಅಂಟಾಗಿಯೇ ಉಳಿಯಲು ಇದೇ ಕಾರಣ. ಈ ಫೋಮ್‌ನ ಸಹಜ ಹೊರಸಿಪ್ಪೆ ನೀರನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಸಿಪ್ಪೆಯನ್ನು ಕೊಯ್ದ ಮೇಲೆ ತೆರೆದ ಗುಳ್ಳೆಗಳು ನೀರನ್ನು ಹಿಡಿದಿಡುತ್ತವೆ.

ತಯಾರಿಕೆ

ಹಲಗೆಯ ಫೋಮ್‌ನಿಂದ ಹಿನ್ನೆಲೆಯನ್ನು ಪೆಟ್ಟಿಗೆಯ ಹೊರಗೇ ಕೆತ್ತಲಾಗುತ್ತದೆ. ಪೆಟ್ಟಿಗೆಯ ಒಳ ಅಳತೆಗಿಂತ ತುಸು ಚಿಕ್ಕದಾಗಿ ತಳಹಲಗೆಯನ್ನು ಕೊಯ್ದು, ಅದರ ಮೇಲೆ ತುಂಡುಗಳನ್ನು ಚಾಚು ಮತ್ತು ಪೊಟರೆಗಳಾಗುವಂತೆ ಒಂದರ ಮೇಲೊಂದು ಅಂಟಿಸಿ, ಚಾಕು, ತಂತಿಬ್ರಷ್ ಅಥವಾ ಕಾದ ತಂತಿಯಿಂದ ಮೂಲೆಗಳನ್ನು ಮುರಿದು ಬಂಡೆಯ ಪದರಗಳನ್ನು ಮೂಡಿಸುತ್ತಾರೆ. ಅಂಟಿನ ಆಯ್ಕೆಯಲ್ಲಿ ಎಚ್ಚರ ಬೇಕು: ಅಸಿಟೋನ್, ಟಾಲ್ವೀನ್‌ನಂಥ ದ್ರಾವಕವುಳ್ಳ ಅಂಟುಗಳು ಪಾಲಿಸ್ಟೈರೀನನ್ನು ಕರಗಿಸಿಬಿಡುತ್ತವೆ, ಮರಗೆಲಸದ ಬಿಳಿ ಅಂಟು ಸತತ ತೇವದಲ್ಲಿ ಮೆತ್ತಗಾಗುತ್ತದೆ. ಸಿಲಿಕೋನನ್ನು ಎರಡು ಹಲಗೆಗಳ ನಡುವೆ ಪೂರ್ತಿ ಬಳಿದರೆ ನಡುಭಾಗಕ್ಕೆ ಗಾಳಿಯ ತೇವ ಹೋಗದೆ ಅದು ಹಸಿಯಾಗಿಯೇ ಉಳಿಯುವುದರಿಂದ, ಗೆರೆಗೆರೆಯಾಗಿ ಹಚ್ಚಿ ನಡುವೆ ಗಾಳಿಗೆ ದಾರಿ ಬಿಡುವುದು ವಾಡಿಕೆ. ಕಾದ ತಂತಿಯಿಂದ ಕೊಯ್ಯುವಾಗ ಏಳುವ ಸ್ಟೈರೀನ್ ಹೊಗೆ ಉಸಿರಿಗೆ ಒಳ್ಳೆಯದಲ್ಲ. ಈ ಕೆಲಸವನ್ನು ಬಯಲಿನಲ್ಲಿ ಇಲ್ಲವೇ ಗಾಳಿಯಾಡುವ ಕಡೆ ಮಾಡಬೇಕಾಗುತ್ತದೆ.

ಪಿಯು ಫೋಮ್‌ನ ಹಿನ್ನೆಲೆ ಪೆಟ್ಟಿಗೆಯೊಳಗೇ ರೂಪುಗೊಳ್ಳುತ್ತದೆ. ಹಿಂಬದಿಯ ಗಾಜು ಕೆಳಗಾಗುವಂತೆ ಪೆಟ್ಟಿಗೆಯನ್ನು ಮಲಗಿಸಿ, ಹೊರಗಿನಿಂದ ಹಳದಿ ಫೋಮ್ ಕಾಣದಿರಲೆಂದು ಗಾಜಿಗೆ ಮೊದಲು ಕಪ್ಪು ಸಿಲಿಕೋನಿನ ತೆಳು ಪದರ ಬಳಿಯುವುದುಂಟು. ಗಟ್ಟಿಯಾದ ಸಿಲಿಕೋನಿಗೆ ಬೇರೆ ವಸ್ತುಗಳು ಸರಿಯಾಗಿ ಅಂಟದ ಕಾರಣ, ಅದು ಹಸಿಯಿರುವಾಗಲೇ ಒರಟು ನಾರನ್ನು ಒತ್ತಿ ಫೋಮ್‌ಗೆ ಹಿಡಿತ ಒದಗಿಸಲಾಗುತ್ತದೆ. ಕಾರ್ಕ್ ತೊಗಟೆ, ಬೇರುಗಳು, ಗಿಡ ನೆಡುವ ಸಣ್ಣ ಬುಟ್ಟಿಗಳು, ನೀರಿನ ಕೊಳವೆ ಇವುಗಳನ್ನು ಮೊದಲೇ ಜೋಡಿಸಿ, ಸುತ್ತ ಫೋಮನ್ನು ತೆಳು ಸಾಲುಗಳಾಗಿ ಸುರಿದು, ಪ್ರತಿ ಪದರದ ಮೇಲೂ ನೀರನ್ನು ಮಂಜಿನಂತೆ ಚಿಮುಕಿಸುತ್ತಾರೆ. ಫೋಮ್ ಸುರಿದ ಮೇಲೆ ಹಲವು ಪಟ್ಟು ಹಿಗ್ಗುವುದರಿಂದ ಅದಕ್ಕೆ ಎದುರುಗಡೆ ತೆರಪು ಇರಬೇಕು. ಎಲ್ಲ ಕಡೆ ಮುಚ್ಚಿದ ಜಾಗದಲ್ಲಿ ಅದರ ಒತ್ತಡಕ್ಕೆ ತೆಳು ಗಾಜು ಬಿರಿಯಬಹುದು. ಸುಮಾರು ಹತ್ತು ನಿಮಿಷದಲ್ಲಿ ಮೇಲ್ಮೈ ಕೈಗೆ ಅಂಟದಂತಾಗುತ್ತದೆ, 24 ಗಂಟೆ ಕಳೆದ ಮೇಲೆ ನಿಶ್ಚಿಂತೆಯಿಂದ ಕೊಯ್ಯಬಹುದು. ಗಟ್ಟಿಯಾಗದ ಫೋಮ್‌ನಲ್ಲಿರುವ ಐಸೋಸಯನೇಟ್ ಚರ್ಮಕ್ಕೂ ಶ್ವಾಸಕೋಶಕ್ಕೂ ಹಾನಿಕರ. ಒಮ್ಮೆ ಅಲರ್ಜಿ ಹುಟ್ಟಿದವರಿಗೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರಬಲ್ಲದಾದ್ದರಿಂದ ಕೈಗವಸು ಮತ್ತು ಗಾಳಿಯಾಟ ಅನಿವಾರ್ಯ.

ನೀರಿನ ಪಂಪನ್ನು ಹಿನ್ನೆಲೆಯ ಒಳಗೆ ಅಡಗಿಸುವ ಪೆಟ್ಟಿಗೆಗಳಲ್ಲಿ, ಪಂಪು ಕೆಟ್ಟಾಗ ಅದನ್ನು ಹೊರತೆಗೆಯುವ ಕಿಂಡಿಯನ್ನು ಈ ಹಂತದಲ್ಲೇ ಬಿಡಬೇಕು. ಅದನ್ನು ಮರೆತರೆ ಮುಂದೊಂದು ದಿನ ಇಡೀ ಗೋಡೆಯನ್ನು ಒಡೆಯಬೇಕಾಗುತ್ತದೆ.

ರಕ್ಷಾಲೇಪ

ಬರಿ ಫೋಮ್ ವೈವೇರಿಯಂನಲ್ಲಿ ಉಳಿಯುವುದಿಲ್ಲ. ಹಲ್ಲಿಗಳ ಉಗುರು ಅದನ್ನು ಕೆರೆಯುತ್ತದೆ, ನೇರಳಾತೀತ ದೀಪದ ಬೆಳಕು ಅದನ್ನು ಹಳದಿಯಾಗಿಸಿ ಪುಡಿಗಟ್ಟಿಸುತ್ತದೆ, ಆಹಾರವಾಗಿ ಬಿಟ್ಟ ಮಿಡತೆ ಮತ್ತು ಹುಳುಗಳು ಅದರಲ್ಲಿ ಬಿಲ ಕೊರೆಯುತ್ತವೆ. ಹಿಟ್ಟಿನ ಹುಳು ಎನಿಸಿದ ಟೆನೆಬ್ರಿಯೊ ಮರಿಹುಳುಗಳು ಪಾಲಿಸ್ಟೈರೀನನ್ನು ತಿಂದು ಭಾಗಶಃ ಅರಗಿಸಿಕೊಳ್ಳುತ್ತವೆಂದು ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಪ್ರಾಣಿಯ ತಟ್ಟೆಯಿಂದ ತಪ್ಪಿಸಿಕೊಂಡ ಹುಳು ಗೋಡೆಯೊಳಗೆ ಮಾಯವಾಗುವುದು ಸಾಕಣೆದಾರರಿಗೆ ಅದಕ್ಕೂ ಮೊದಲೇ ಗೊತ್ತಿದ್ದ ಸಂಗತಿ. ಪ್ರಾಣಿಯೇ ಫೋಮ್‌ನ ತುಣುಕನ್ನು ನುಂಗಿದರೆ ಕರುಳಿನಲ್ಲಿ ತಡೆಯುಂಟಾಗಿ ಸಾಯಬಹುದು. ರಕ್ಷಾಲೇಪವು ಇವೆಲ್ಲವನ್ನೂ ಒಟ್ಟಿಗೆ ತಡೆಯಬೇಕು, ಜೊತೆಗೆ ತಾನು ನೀರಿಗೆ ಯಾವ ವಿಷವನ್ನೂ ಬಿಡಬಾರದು. ನಾಲ್ಕು ಬಗೆಯ ಲೇಪಗಳು ರೂಢಿಯಲ್ಲಿವೆ.

ಸಿಮೆಂಟ್ ಲೇಪಕ್ಕೆ ಟೈಲ್ಸ್ ಸಂದಿಗೆ ತುಂಬುವ, ಮರಳು ಬೆರೆತ ಗ್ರೌಟನ್ನು ಬಳಸುತ್ತಾರೆ; ಜರ್ಮನಿಯಲ್ಲಿ ಇದೇ ಕೆಲಸಕ್ಕೆ ಟೈಲ್ಸ್ ಅಂಟಿಸುವ ಸಿಮೆಂಟ್ ಹೆಚ್ಚು ಬಳಕೆಯಲ್ಲಿದೆ. ಮೊದಲ ಪದರವನ್ನು ನೀರಾಗಿ ಕಲಸಿ ಬ್ರಷ್ಷಿನಿಂದ ತಿವಿದು ತಿವಿದು ಹಚ್ಚಬೇಕು, ಏಕೆಂದರೆ ಕೆತ್ತನೆಯ ಸಣ್ಣ ಗುಂಡಿಗಳೊಳಗೆ ಗಾಳಿ ಸಿಕ್ಕಿಕೊಂಡರೆ ಅಲ್ಲಿ ಲೇಪ ಸೇತುವೆಯಂತೆ ಮೇಲಷ್ಟೇ ನಿಂತು, ಮುಂದೆ ಉಗುರು ತಾಗಿದಾಗ ಒಡೆದು ತೂತಾಗುತ್ತದೆ. ಎರಡನೆಯ, ಮೂರನೆಯ ಪದರಗಳನ್ನು ಕ್ರಮೇಣ ಗಟ್ಟಿಯಾಗಿ ಕಲಸಿ, ನಡುವೆ ಒಂದೊಂದು ದಿನ ಬಿಟ್ಟು ಹಚ್ಚುತ್ತಾರೆ; ಕಟ್ಟಡದ ಗಾರೆಗೆ ನೀರುಣಿಸುವ ಕ್ಯೂರಿಂಗ್ ಇಲ್ಲಿಯೂ ಬೇಕು, ಬೇಗ ಒಣಗಿದ ಸಿಮೆಂಟ್ ಬಲಗೊಳ್ಳದೆ ಪುಡಿಯಾಗುತ್ತದೆ. ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್ ಪುಡಿಗಳನ್ನು ಸಿಮೆಂಟಿಗೇ ಬೆರೆಸಬಹುದು, ಅಥವಾ ಕೊನೆಗೆ ಅಕ್ರಿಲಿಕ್ ಬಣ್ಣ ಬಳಿಯಬಹುದು. ಕಡುಬಣ್ಣವನ್ನು ಎಲ್ಲೆಡೆ ಹಚ್ಚಿ ಒಣಗಿಸಿ, ಒರೆಸಿ ಒಣಗಿಸಿದ ಬ್ರಷ್ಷಿನ ತುದಿಯಲ್ಲಿ ಉಳಿದ ತಿಳಿಬಣ್ಣವನ್ನು ಉಬ್ಬುಗಳ ಮೇಲಷ್ಟೇ ಸವರಿದರೆ ತಗ್ಗುಗಳು ನೆರಳಿನಂತೆ ಉಳಿದು ಬಂಡೆಗೆ ಆಳ ಬರುತ್ತದೆ. ಸಿಮೆಂಟಿನ ದೊಡ್ಡ ದೋಷ ಅದರ ಕ್ಷಾರತೆ. ಹಸಿ ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನನ್ನು ತಾಗಿದ ನೀರಿನ ಪಿಹೆಚ್ ಮಟ್ಟವನ್ನು 12ರ ಆಸುಪಾಸಿಗೆ ಏರಿಸುತ್ತದೆ. ಚರ್ಮದ ಮೂಲಕವೇ ನೀರನ್ನು ಹೀರುವ ಕಪ್ಪೆಗೆ ಇದು ಮಾರಕ. ಹಿನ್ನೆಲೆಯನ್ನು ಮತ್ತೆಮತ್ತೆ ನೀರಿನಲ್ಲಿ ನೆನೆಸಿ ಚೆಲ್ಲಿ, ನೆನೆದ ನೀರಿನ ಪಿಹೆಚ್ ಏರದಂತಾದ ಮೇಲೆ ಅಕ್ರಿಲಿಕ್ ಲೇಪವೊಂದನ್ನು ಮೇಲೆ ಹಚ್ಚಿದರೆ ಮಾತ್ರ ಅದು ಬಳಕೆಗೆ ಯೋಗ್ಯ.

ಸಿಲಿಕೋನ್ ಮತ್ತು ತೆಂಗಿನ ನಾರಿನ ಲೇಪ ತೇವದ ಕಾಡನ್ನು ಹೋಲುವ ಪೆಟ್ಟಿಗೆಗಳಿಗೆ ಹೇಳಿ ಮಾಡಿಸಿದ್ದು. ಕಂದು ಅಥವಾ ಕಪ್ಪು ಸಿಲಿಕೋನನ್ನು ಫೋಮ್‌ನ ಮೇಲೆ ಬೆರಳಿನಿಂದ ಕೆಲವು ಮಿಲಿಮೀಟರ್ ದಪ್ಪಕ್ಕೆ ಹರಡಿ, ಅದು ಹಸಿಯಿರುವಾಗಲೇ ತೆಂಗಿನ ನಾರಿನ ಒಣ ಪುಡಿಯಾದ ಕೊಕೊಪೀಟನ್ನು ಅಂಗೈಯಿಂದ ಒತ್ತುತ್ತಾರೆ. ಸಿಲಿಕೋನ್ ಹತ್ತಿಪ್ಪತ್ತು ನಿಮಿಷದಲ್ಲಿ ಕೆನೆಗಟ್ಟುತ್ತದೆ, ಕೆನೆಗಟ್ಟಿದ ಮೇಲೆ ಪುಡಿ ಹಿಡಿಯುವುದಿಲ್ಲ. ಆದ್ದರಿಂದ ಒಂದು ಬಾರಿಗೆ ಅಂಗೈಯಗಲದ ಜಾಗವನ್ನಷ್ಟೇ ಕೈಗೆತ್ತಿಕೊಳ್ಳಬೇಕು. ಪುಡಿ ತೇವವಾಗಿದ್ದರೆ ಅದಕ್ಕೆ ತಾಗಿದ ಸಿಲಿಕೋನ್ ಕೂಡಲೇ ಕೆನೆಗಟ್ಟಿ ಹಿಡಿತ ತಪ್ಪುತ್ತದೆ. ಮಾರನೆಯ ದಿನ ಸಡಿಲ ಪುಡಿಯನ್ನು ಬ್ರಷ್ಷಿನಿಂದ ಕೊಡವಿದಾಗ ಬೋಳು ಕಾಣುವ ಜಾಗಗಳಿಗೆ ಮತ್ತೆ ಲೇಪಿಸಲಾಗುತ್ತದೆ. ಸಿಲಿಕೋನಿನಲ್ಲಿ, ಗಟ್ಟಿಯಾಗುವಾಗ ವಿನೆಗರ್ ವಾಸನೆಯ ಅಸಿಟಿಕ್ ಆಮ್ಲ ಬಿಡುವ ಬಗೆ ಮತ್ತು ತಟಸ್ಥ ಬಗೆ ಎಂದು ಎರಡಿವೆ. ಸ್ನಾನದ ಮನೆಗೆಂದು ಮಾರುವ, ಬೂಷ್ಟು ತಡೆಯುವ ವಿಷವಸ್ತು ಸೇರಿಸಿದ ಸಿಲಿಕೋನನ್ನು ವೈವೇರಿಯಂಗೆ ಬಳಸಬಾರದು. ಅಕ್ವೇರಿಯಂಗೆ ಸಲ್ಲುವುದೆಂದು ತಯಾರಕರೇ ನಮೂದಿಸಿರುವುದೇ ಸುರಕ್ಷಿತ. ಕೊಕೊಪೀಟ್ ತೇವವನ್ನು ಹಿಡಿದಿಟ್ಟು ಪಾಚಿ, ಜರೀಗಿಡ, ಬ್ರೊಮೀಲಿಯಡ್‌ಗಳ ಬೇರಿಗೆ ಆಸರೆಯಾಗುತ್ತದೆ. ಹಿನ್ನೀರಿನಲ್ಲಿ ಕೊಳೆಹಾಕಿದ ನಾರಿನಿಂದ ಬಂದ ಪುಡಿಯಲ್ಲಿ ಉಪ್ಪು ಉಳಿದಿರಬಹುದಾದ್ದರಿಂದ ಅದನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿಯೇ ಬಳಸಬೇಕು.

ಎಪಾಕ್ಸಿ ಲೇಪ ಇವೆಲ್ಲಕ್ಕಿಂತ ಗಟ್ಟಿ. ರಾಳ ಮತ್ತು ಗಟ್ಟಿಕಾರಕ ಎಂಬ ಎರಡು ಭಾಗಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು; ಅಳತೆ ತಪ್ಪಿದರೆ ಬೆರೆಯದೆ ಉಳಿದ ಅಂಶ ಎಂದಿಗೂ ಗಟ್ಟಿಯಾಗದೆ ಜಿನುಗುತ್ತಿರುತ್ತದೆ. ಕೊನೆಯ ಪದರ ಹಸಿಯಿರುವಾಗ ಮರಳು ಉದುರಿಸಿದರೆ ಹೊಳಪು ಅಡಗಿ ಪ್ರಾಣಿಯ ಕಾಲಿಗೆ ಹಿಡಿತ ಸಿಗುತ್ತದೆ. ಸದಾ ನೀರಿನಲ್ಲಿ ಮುಳುಗಿರುವ ಭಾಗಗಳಿಗೆ ಇದೇ ತಕ್ಕದ್ದು. ನೀರು ಬೆರೆಸಿ ತಯಾರಿಸಿದ ಅಕ್ರಿಲಿಕ್ ವಾರ್ನಿಷ್‌ಗಳು ಅಗ್ಗ, ವಾಸನೆ ಕಡಿಮೆ. ಅವು ಒಣನೆಲದ ಪೆಟ್ಟಿಗೆಗಳಿಗೆ ಸಾಕಾದರೂ ನಿರಂತರ ತೇವದಲ್ಲಿ ಬೆಳ್ಳಗಾಗಿ ಮೆತ್ತಗಾಗುತ್ತವೆ.

ಅಂಚುಗಟ್ಟು ಮತ್ತು ಜೋಡಣೆ

ಹೊರಗೆ ಕೆತ್ತಿದ ಹಿನ್ನೆಲೆಯನ್ನು ಗಾಜಿಗೆ ಸಿಲಿಕೋನಿನಿಂದ ಅಂಟಿಸಿ, ನಾಲ್ಕೂ ಅಂಚಿನ ಉದ್ದಕ್ಕೂ ಸಿಲಿಕೋನಿನ ಸಾಲನ್ನೆಳೆದು ಬೆರಳಿನಿಂದ ಒತ್ತಿ ಸಂದು ಮುಚ್ಚುತ್ತಾರೆ. ಗಾಜನ್ನು ಮೊದಲು ಸ್ಪಿರಿಟ್ಟಿನಿಂದ ಒರೆಸಿ ಜಿಡ್ಡು ತೆಗೆಯದಿದ್ದರೆ ಈ ಸಾಲು ತಿಂಗಳುಗಳಲ್ಲಿ ಸುಲಿದು ಬರುತ್ತದೆ. ಮಿಡತೆ ನುಗ್ಗುವಷ್ಟು ಸಂದು ಉಳಿದರೂ ಅದರ ಹಿಂದೆ ಕೀಟಗಳು ಮೊಟ್ಟೆಯಿಟ್ಟು ಸಂಸಾರ ಹೂಡುತ್ತವೆ. ಸಣ್ಣ ಕಪ್ಪೆಯೋ ಹಲ್ಲಿಯ ಮರಿಯೋ ಒಳಗೆ ಸಿಕ್ಕಿಕೊಂಡರೆ ಹೊರಬರಲಾರದೆ ಸಾಯುತ್ತದೆ. ಅಂಚುಗಟ್ಟನ್ನು ಅಲಂಕಾರದ ಕೊನೆಯ ಕೆಲಸವೆಂದು ಅವಸರದಲ್ಲಿ ಮುಗಿಸುವುದೇ ಹಿನ್ನೆಲೆಗಳು ವಿಫಲವಾಗಲು ಸಾಮಾನ್ಯ ಕಾರಣ.

ನೀರಿನ ಪೆಟ್ಟಿಗೆಯಲ್ಲಿ ಇನ್ನೊಂದು ಬಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 60 ಸೆಂ.ಮೀ. ಉದ್ದ, 45 ಸೆಂ.ಮೀ. ಎತ್ತರ, 3 ಸೆಂ.ಮೀ. ದಪ್ಪದ ಫೋಮ್ ಹಲಗೆ 8 ಲೀಟರಿಗಿಂತ ತುಸು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುವುದರಿಂದ, ಅದನ್ನು ಮೇಲಕ್ಕೆತ್ತುವ ಒತ್ತು ಸುಮಾರು 8 ಕಿಲೋಗ್ರಾಂ ತೂಕಕ್ಕೆ ಸಮ. ಅಂಟು ಪೂರ್ತಿ ಗಟ್ಟಿಯಾಗುವ ಮುನ್ನ ನೀರು ತುಂಬಿದರೆ ಇಡೀ ಹಿನ್ನೆಲೆ ಕಿತ್ತು ತೇಲುತ್ತದೆ.

ಹದಗೊಳ್ಳುವ ಅವಧಿ

ಸಿಲಿಕೋನ್ 24 ಗಂಟೆಗೆ ಎರಡು ಮೂರು ಮಿಲಿಮೀಟರ್ ಆಳದಷ್ಟೇ ಗಟ್ಟಿಯಾಗುತ್ತದೆ. ಎಪಾಕ್ಸಿ ಮರುದಿನ ಕೈಗೆ ಗಟ್ಟಿಯೆನಿಸಿದರೂ ಪೂರ್ಣ ಹದಕ್ಕೆ ಸಾಮಾನ್ಯವಾಗಿ ಏಳು ದಿನ ಹಿಡಿಯುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆಯನ್ನು ತೆರೆದಿಟ್ಟು, ಬಳಿಕ ತೊಳೆದು, ಮೊದಲು ಸಸ್ಯಗಳನ್ನು ನೆಟ್ಟು ಕೆಲವು ವಾರ ನೋಡಿ ಪ್ರಾಣಿಯನ್ನು ಕೊನೆಗೆ ಬಿಡುವುದು ಅನುಭವಿಗಳ ಕ್ರಮ. ತೇವದಿಂದ ಗಟ್ಟಿಯಾಗುವ ಸಿಲಿಕೋನ್ ಮತ್ತು ಪಿಯು ಫೋಮ್ ಕರಾವಳಿ, ಮಲೆನಾಡುಗಳಂಥ ಕಡೆ ಮಳೆಗಾಲದಲ್ಲಿ ಬೇಗ ಹದಗೊಂಡರೆ, ನೀರು ಆರಿಯೇ ಗಟ್ಟಿಯಾಗಬೇಕಾದ ಅಕ್ರಿಲಿಕ್ ಬಣ್ಣ ಮತ್ತು ವಾರ್ನಿಷ್‌ಗಳು ಅದೇ ಹವೆಯಲ್ಲಿ ಬಹಳ ತಡಮಾಡುತ್ತವೆ.

ಬಳಕೆ

ಮರುಭೂಮಿ ಮತ್ತು ಒಣ ಬಂಡೆನೆಲದ ಹಲ್ಲಿಗಳಾದ ಆಸ್ಟ್ರೇಲಿಯಾದ ಗಡ್ಡದ ಡ್ರ್ಯಾಗನ್, ಚಿರತೆ ಗೆಕ್ಕೊ ಮೊದಲಾದವುಗಳಿಗೆ ಸಿಮೆಂಟ್ ಲೇಪಿತ ಪಾಲಿಸ್ಟೈರೀನ್ ಬಂಡೆಗಳು ಸಲ್ಲುತ್ತವೆ. ಚಾಚುಗಳು ಹತ್ತುವುದಕ್ಕೂ ಬಿಸಿ ಕಾಯುವುದಕ್ಕೂ ಒದಗಿ, ಪೆಟ್ಟಿಗೆಯ ನೆಲದಷ್ಟೇ ಅದರ ಎತ್ತರವೂ ಪ್ರಾಣಿಗೆ ಬಳಕೆಯಾಗುತ್ತದೆ. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಮೆತ್ತಗಾಗುತ್ತದೆ, ಬೆಂಕಿಗೂ ಸುಲಭವಾಗಿ ತುತ್ತಾಗುತ್ತದೆ. ಬಿಸಿ ದೀಪವನ್ನು ಹಿನ್ನೆಲೆಯಿಂದ ದೂರವೇ ಇರಿಸಬೇಕು. ವಿಷಬಾಣ ಕಪ್ಪೆ, ನ್ಯೂ ಕ್ಯಾಲೆಡೋನಿಯಾದ ಜುಟ್ಟಿನ ಗೆಕ್ಕೊಗಳ ಪೆಟ್ಟಿಗೆಗಳಲ್ಲಿ ಪಿಯು ಫೋಮ್, ಸಿಲಿಕೋನ್ ಮತ್ತು ಕೊಕೊಪೀಟಿನ ಹಸಿರು ಗೋಡೆಗಳೇ ಹೆಚ್ಚು. ಪ್ರಾಣಿಯಿಲ್ಲದ ಸಸ್ಯ ಟೆರೇರಿಯಂಗಳಲ್ಲೂ ಇವೇ ಬಳಕೆಯಲ್ಲಿವೆ.

ದೋಷಗಳು

ಲೇಪದಲ್ಲಿ ಬಿದ್ದ ಬಿರುಕನ್ನು ಬೇಗ ಗುರುತಿಸಿದರೆ ಅದೇ ವಸ್ತುವಿನಿಂದ ತುಂಬಿ ಸರಿಪಡಿಸಬಹುದು. ಜಲಪಾತವಿರುವ ಗೋಡೆಗಳಲ್ಲಿ ಹರಿಯುವ ನೀರಿಗೆ ತಾಗಿದ ಕೊಕೊಪೀಟ್ ದೀಪದ ಬತ್ತಿಯಂತೆ ನೀರನ್ನು ಹೀರಿ ಪಕ್ಕದ ಮಣ್ಣಿಗೆ ಸಾಗಿಸಿ, ಗಿಡಗಳ ಬೇರು ಕೊಳೆಯುವಂತೆ ಮಾಡುತ್ತದೆ. ಹರಿವಿನ ದಾರಿಯನ್ನು ಸಿಮೆಂಟ್ ಅಥವಾ ಎಪಾಕ್ಸಿಯಿಂದಲೇ ಮಾಡಿ ನಾರಿನಿಂದ ಬೇರ್ಪಡಿಸುವುದು ಇದಕ್ಕೆ ಪರಿಹಾರ. ಹಳೆಯ ಕಟ್ಟಡಗಳಿಂದ ತೆಗೆದ ಫೋಮ್ ಹಲಗೆಗಳಲ್ಲಿ ಬೆಂಕಿನಿರೋಧಕವಾಗಿ ಬೆರೆಸುತ್ತಿದ್ದ ಎಚ್‌ಬಿಸಿಡಿ ಎಂಬ ಬ್ರೋಮಿನ್ ಸಂಯುಕ್ತ ಇರಬಹುದು. ಜಲಚರಗಳಿಗೆ ತೀವ್ರ ವಿಷಕಾರಿಯಾದ ಇದನ್ನು 2013ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ಮಾಲಿನ್ಯಕಾರಕಗಳನ್ನು ನಿರ್ಬಂಧಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಅಂಥ ಹಲಗೆಗಳನ್ನು ಅಗ್ಗವೆಂದು ಬಳಸುವುದು ಸಲ್ಲದು.

ಸದ್ಯದ ಸ್ಥಿತಿ

ಇಂದು ಸಿದ್ಧ ಹಿನ್ನೆಲೆಗಳೂ ದೊರೆಯುತ್ತವೆ: ಎಕ್ಸೊ ಟೆರಾ ಕಂಪನಿಯ ಗಾಜಿನ ಟೆರೇರಿಯಂಗಳು ಬಂಡೆಯ ಆಕಾರದ ಪಾಲಿಸ್ಟೈರೀನ್ ಹಲಗೆಯೊಂದಿಗೇ ಬರುತ್ತವೆ, ಜರ್ಮನಿಯ ಯುವೆಲ್ ಕಂಪನಿ ಅಕ್ವೇರಿಯಂಗಾಗಿ ಪಾಲಿಯುರೆಥೇನ್ ಹಿನ್ನೆಲೆಗಳನ್ನು ತಯಾರಿಸುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ, ಡೈಐಸೋಸಯನೇಟ್ ಅಂಶ ಶೇ. 0.1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ವೃತ್ತಿಗಾಗಿ ಬಳಸುವವರು ತರಬೇತಿ ಪಡೆದಿರಬೇಕೆಂಬ ನಿಯಮ ಜಾರಿಯಲ್ಲಿದೆ. ಬಳಸಿ ಬಿಸಾಡಿದ ಫೋಮ್ ಮಣ್ಣಿನಲ್ಲಿ ಕರಗದೆ ಉಳಿಯುವುದರಿಂದ ಕಾರ್ಕ್ ತೊಗಟೆ ಮತ್ತು ಜೇಡಿಮಣ್ಣಿನ ಗೋಡೆಗಳತ್ತ ಒಲವು ಮರಳುತ್ತಿದೆ.

ಭಾರತದಲ್ಲಿ ಈ ಕೈಗೆಲಸಕ್ಕೆ ಬೇಕಾದ ಥರ್ಮಾಕೋಲ್, ಪಿಯು ಫೋಮ್, ಗ್ರೌಟ್, ಸಿಲಿಕೋನ್ ಎಲ್ಲವೂ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಕಾದ ತಂತಿಯಿಂದ ಥರ್ಮಾಕೋಲ್ ಕೊಯ್ಯುವ ಕೌಶಲ ಮದುವೆ ಮತ್ತು ಉತ್ಸವಗಳ ಮಂಟಪ ಕಟ್ಟುವ ಕುಶಲಕರ್ಮಿಗಳಲ್ಲಿ ಮೊದಲೇ ಇದೆ. ತೆಂಗು ಬೆಳೆಯುವ ತುಮಕೂರು, ಹಾಸನ ಜಿಲ್ಲೆಗಳಲ್ಲಿ ನಾರಿನ ಘಟಕಗಳ ಉಪಉತ್ಪನ್ನವಾಗಿ ಕೊಕೊಪೀಟ್ ದೊರೆಯುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿರುವ ದೇಶೀಯ ಹಾವು, ಹಲ್ಲಿ, ಆಮೆಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ತಂದಿದ್ದು, 2024ರ ನಿಯಮಗಳ ಪ್ರಕಾರ ಅವುಗಳನ್ನು ಹೊಂದಿರುವವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಹೀಗಾಗಿ ಪ್ರಾಣಿಗಳಿಲ್ಲದ ಸಸ್ಯ ಟೆರೇರಿಯಂ ಮತ್ತು ಅಲಂಕಾರ ಮೀನಿನ ಅಕ್ವೇರಿಯಂಗಳಿಗೆ ಇಲ್ಲಿ ಫೋಮ್ ಹಿನ್ನೆಲೆ ಕಟ್ಟಲು ಕಾನೂನಿನ ತೊಡಕು ಕಡಿಮೆ. ಪ್ರಾಣಿಯನ್ನು ಇರಿಸುವ ಪೆಟ್ಟಿಗೆಗೆ ಮಾತ್ರ ಮೊದಲು ಆ ಪ್ರಭೇದ ಯಾವ ಅನುಸೂಚಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ.